ತುಳಿಯುವ ಜಾಗದಲ್ಲಿ ದೇವರ ಮಾತು

ಅಪ್ಪ ಅಮೆರಿಕದ ಒಹಾಯೊ ರಾಜ್ಯದ ರಾಜಧಾನಿ ಕೊಲಂಬಸ್‌ಗೆ ಬಂದಿದ್ದಾಗ ಒಂದು ಭಾನುವಾರ ಅವರನ್ನು ಒಹಾಯೊ ಸ್ಟೇಟ್‌ಹೌಸ್ ತೋರಿಸಲು ಕರೆದುಕೊಂಡು ಹೋಗಿದ್ದೆ. ನಮಗೆ ವಿಧಾನಸೌಧ ಹೇಗೋ ಈ ರಾಜ್ಯಕ್ಕೆ ಅದು ಹಾಗೆ. ಸುಣ್ಣದ ಕಲ್ಲಿನ ಹಳೇ ಕಟ್ಟಡ, ಮುಂದೆ ದಪ್ಪ ದಪ್ಪ ಕಂಬಗಳು. ಹೈ ಸ್ಟ್ರೀಟ್ ಕಡೆಯಿಂದ ಮಾತಾಡಿಕೊಂಡು ನಡೆಯುತ್ತಿದ್ದೆವು. ಅಪ್ಪ ಇದ್ದಕ್ಕಿದ್ದಂತೆ ನಿಂತರು. ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದರು. ಆಮೇಲೆ ಕಾಲು ಹಿಂದಕ್ಕೆ ಎಳೆದುಕೊಂಡರು. ಗೊತ್ತಿಲ್ಲದೆ ಪುಸ್ತಕ ತುಳಿದಾಗ ಎಳೆದುಕೊಳ್ಳುತ್ತೇವಲ್ಲ, ಹಾಗೆ. ನೆಲದಲ್ಲಿ ರಾಜ್ಯದ ಮುದ್ರೆ ಕೂರಿಸಿದ್ದರು. ಜೊತೆಗೆ ರಾಜ್ಯದ ಧ್ಯೇಯವಾಕ್ಯ. ಬೈಬಲಿನ ಸಾಲು: 'ದೇವರಿಗೆ ಎಲ್ಲವೂ ಸಾಧ್ಯ.'

"ಅಲ್ಲಮ್ಮಾ, ದೇವರ ಹೆಸರು ಬರೆಯೋಕೆ ಇವರಿಗೆ ಕಾಲಡಿ ಜಾಗವೇ ಸಿಕ್ಕಿತಾ?" ಅಂದರು.

ನಾನು ಈ ಊರಿಗೆ ಬಂದು ಹದಿನಾಲ್ಕು ವರ್ಷ. ಆ ಸಾಲನ್ನು ಎಷ್ಟು ಸಲ ದಾಟಿದ್ದೇನೋ ಲೆಕ್ಕ ಇಲ್ಲ, ಒಂದು ದಿನವೂ ನಿಂತು ಓದಿರಲಿಲ್ಲ. ಇಲ್ಲಿ ದೇವರು ಎಲ್ಲಾ ಕಡೆ ಇದ್ದಾನೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಡಾಲರ್ ನೋಟಿನ ಮೇಲೆ ಇದ್ದಾನೆ. ಮಗಳು ಶಾಲೆಯಲ್ಲಿ ಬಾವುಟದ ಎದುರು ಹೇಳುವ ಪ್ರತಿಜ್ಞೆಯಲ್ಲಿ ಇದ್ದಾನೆ. ನಾನು ಪೌರತ್ವ ತೆಗೆದುಕೊಂಡ ದಿನ ಬಲಗೈ ಎತ್ತಿ ಓದಿದ ಪ್ರಮಾಣದ ಕೊನೆಯಲ್ಲೂ ಇದ್ದ. (ಬೇಡ ಅನ್ನುವವರು ಆ ಮಾತನ್ನು ಬಿಡಬಹುದು, ಅದಕ್ಕೆ ಅವಕಾಶ ಇದೆ. ನಾನು ಬಿಡಲಿಲ್ಲ. 'ದೇವರು ನನಗೆ ನೆರವಾಗಲಿ' ಅನ್ನುವಾಗ ಮನಸ್ಸಿನಲ್ಲಿ ನಮ್ಮ ಮನೆದೇವರನ್ನು ನೆನೆದುಕೊಂಡೆ. ಯಾವ ದೇವರು ಅಂತ ಯಾರೂ ಕೇಳಲಿಲ್ಲ.)

ಅಪ್ಪ ಸಚಿವಾಲಯದಲ್ಲಿ ಗುಮಾಸ್ತರಾಗಿ ಸೇರಿ ಮೂವತ್ತಮೂರು ವರ್ಷ ಕೆಲಸ ಮಾಡಿದವರು. ಅಷ್ಟೂ ವರ್ಷ ವಿಧಾನಸೌಧದ ನೆತ್ತಿಯ ಮೇಲಿನ 'ಸರ್ಕಾರದ ಕೆಲಸ ದೇವರ ಕೆಲಸ' ಅನ್ನುವ ಮಾತಿನ ಕೆಳಗೇ ಓಡಾಡಿದವರು. "ನಮ್ಮಲ್ಲಿ ತಲೆ ಎತ್ತಿ ಓದಬೇಕು, ಇಲ್ಲಿ ತಲೆ ಬಗ್ಗಿಸಿ ಓದಬೇಕು. ಒಂದು ಲೆಕ್ಕಕ್ಕೆ ಇದೂ ಸರೀನೇ" ಅಂತ ತಾವೇ ಸಮಾಧಾನ ಮಾಡಿಕೊಂಡು, ಆ ಮುದ್ರೆಗೆ ಒಂದು ಸುತ್ತು ಹಾಕಿ ಮುಂದೆ ಹೋದರು. ನನಗೆ ಮಾತ್ರ ಆ ಸಾಲು ತಲೆಗೆ ಹತ್ತಿಕೊಂಡಿತು. ಅದು ಅಲ್ಲಿಗೆ ಹೇಗೆ ಬಂತು ಅಂತ ಮನೆಗೆ ಬಂದು ಹುಡುಕಿದೆ. ಸಿಕ್ಕಿದ್ದನ್ನು ಓದಿ ಎದ್ದು ಕೂತೆ.

ಬೆಂಗಳೂರಿನಿಂದ ಹೊರಟ ಯೋಚನೆ

1996ರಲ್ಲಿ ಒಹಾಯೊದ ಗವರ್ನರ್ ಆಗಿದ್ದವರು ಜಾರ್ಜ್ ವೊಯ್ನೊವಿಚ್. ಕ್ಲೀವ್‌ಲ್ಯಾಂಡ್‌ನ ಮೇಯರ್ ಆಗಿ ಬಂದ ರಿಪಬ್ಲಿಕನ್, ದೈವಭಕ್ತ ಕ್ಯಾಥೊಲಿಕ್. ವ್ಯಾಪಾರದ ನಿಯೋಗ ಕಟ್ಟಿಕೊಂಡು ಅವರು ಭಾರತಕ್ಕೆ ಹೋಗಿದ್ದರು. ಬೆಂಗಳೂರಿನಲ್ಲಿ ವಿಧಾನಸೌಧದ ಮುಂದೆ ನಿಂತು ತಲೆ ಎತ್ತಿದರು. ಕೆಂಗಲ್ ಹನುಮಂತಯ್ಯನವರು ಬರೆಸಿದ ಅದೇ ಮಾತು, ಇಂಗ್ಲಿಷಿನಲ್ಲಿ. ಅವರಿಗೆ ಬಹಳ ಹಿಡಿಸಿತು. ಊರಿಗೆ ಮರಳಿದ ಮೇಲೆ, ನಮ್ಮ ಸ್ಟೇಟ್‌ಹೌಸಿನಲ್ಲೂ ನಮ್ಮ ರಾಜ್ಯದ ಧ್ಯೇಯವಾಕ್ಯ ಕೆತ್ತಿಸೋಣ ಅಂತ ಹಟ ಹಿಡಿದರು. ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ ಆ ಸಾಲಿನ ಬೇರು ಅಪ್ಪನ ಆಫೀಸಿನ ಬಾಗಿಲಲ್ಲೇ ಇತ್ತು!

ಧ್ಯೇಯವಾಕ್ಯ ಅದಕ್ಕೂ ಮೊದಲೇ ಇತ್ತು. ಒಹಾಯೊಗೆ 1860ರ ದಶಕದಲ್ಲಿ ಎರಡು ವರ್ಷ ಒಂದು ಲ್ಯಾಟಿನ್ ವಾಕ್ಯ ಇತ್ತಂತೆ. ಜನಕ್ಕೆ ಹಿಡಿಸಲಿಲ್ಲ, ತೆಗೆದುಹಾಕಿದರು. ಆಮೇಲೆ ಸುಮಾರು ತೊಂಬತ್ತು ವರ್ಷ ಏನೂ ಇರಲಿಲ್ಲ. ಸಿನ್ಸಿನಾಟಿಯ ಒಬ್ಬ ಶಾಲಾ ಹುಡುಗ ಹಟ ಹಿಡಿದು ಸಹಿ ಸಂಗ್ರಹ ಮಾಡಿ, 'ದೇವರಿಗೆ ಎಲ್ಲವೂ ಸಾಧ್ಯ' ಅನ್ನುವುದನ್ನು 1959ರಲ್ಲಿ ಶಾಸನಸಭೆ ಒಪ್ಪುವ ಹಾಗೆ ಮಾಡಿದ. ಮೂವತ್ತೇಳು ವರ್ಷ ಅದು ಕಾಗದದ ಮೇಲೆ ತಣ್ಣಗೆ ಇತ್ತು. ವೊಯ್ನೊವಿಚ್ ಅದನ್ನು ನೆಲಕ್ಕೆ ತರಲು ಹೊರಟಾಗ ಗಲಾಟೆ ಶುರುವಾಯಿತು.

1997ರಲ್ಲಿ ಮೊಕದ್ದಮೆ ಬಿತ್ತು. ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು ಜೊತೆಗೆ ಅರ್ಜಿ ಹಾಕಿದವರು ಯಾರು ಗೊತ್ತಾ? ಪ್ರೆಸ್ಬಿಟೇರಿಯನ್ ಅನ್ನುವ ಪ್ರಾಟೆಸ್ಟಂಟ್ ಪಂಥದ ಒಬ್ಬ ಪಾದ್ರಿ. ನಾನು ಯಾರೋ ನಾಸ್ತಿಕರಿರಬೇಕು ಅಂದುಕೊಂಡಿದ್ದೆ. ವಾರವಾರ ಬೈಬಲ್ ಹಿಡಿದು ಪ್ರವಚನ ಮಾಡುವ ಮನುಷ್ಯ, ಬೈಬಲಿನ ಸಾಲನ್ನು ಸರ್ಕಾರಿ ನೆಲದಲ್ಲಿ ಹಾಕಬೇಡಿ ಅಂತ ಕೋರ್ಟಿಗೆ ಹೋಗಿದ್ದರು.

ಮೊದಲ ಹಂತದ ನ್ಯಾಯಾಧೀಶರು 1998ರಲ್ಲಿ ಒಂದು ವಿಚಿತ್ರ ತೀರ್ಪು ಕೊಟ್ಟರು. ಸಾಲನ್ನು ಹಾಕಬಹುದು, ಆದರೆ ಅದು ಮತ್ತಾಯನ ಸುವಾರ್ತೆಯದ್ದು ಅಂತ ಸರ್ಕಾರ ಎಲ್ಲೂ ಹೇಳುವ ಹಾಗಿಲ್ಲ. 2000ದಲ್ಲಿ ಮೇಲ್ಮನವಿ ಕೋರ್ಟಿನ ಮೂವರ ಪೀಠ ಇದನ್ನು ತಳ್ಳಿಹಾಕಿತು. ಇದು ಯೇಸು ಆಡಿದ ಮಾತು, ಹಾಕಿದರೆ ಸರ್ಕಾರ ಒಂದು ಧರ್ಮದ ಪರ ನಿಂತ ಹಾಗಾಗುತ್ತದೆ ಅಂತ ಇಬ್ಬರು ಹೇಳಿದರು, ಒಬ್ಬರು ಒಪ್ಪಲಿಲ್ಲ. ಮರುವರ್ಷ ಅದೇ ಕೋರ್ಟಿನ ಪೂರ್ಣಪೀಠ ಕೂತು 9-4ರಲ್ಲಿ ಮತ್ತೆ ತಿರುಗಿಸಿತು. ನೋಟಿನ ಮೇಲೆ ದೇವರ ಹೆಸರು ಇದೆಯಲ್ಲ, ಇದೂ ಅಂಥದ್ದೇ, ಯಾವ ಒಂದು ಮತಕ್ಕೂ ಸೇರಿದ್ದಲ್ಲ ಅಂತ. ಸಾಲು ಉಳಿಯಿತು.

ಹೆಸರು ಹೊರಗಿಟ್ಟು ಒಳಗೆ ಬಾ

ಈ ತೀರ್ಪುಗಳನ್ನು ಓದುತ್ತಾ ನನಗೆ ಕಂಡಿದ್ದು ಒಂದು ಒಪ್ಪಂದ. ದೇವರು ಸರ್ಕಾರಿ ಕಟ್ಟಡದ ಒಳಗೆ ಬರಬಹುದು, ಆದರೆ ಚಪ್ಪಲಿ ಬಿಡುವ ಹಾಗೆ ತನ್ನ ಹೆಸರನ್ನು ಹೊರಗೆ ಬಿಟ್ಟು ಬರಬೇಕು. ಇಲ್ಲಿನ ಕಾನೂನಿನಲ್ಲಿ ಇದಕ್ಕೆ ಸೆರಮೋನಿಯಲ್ ಡೀಯಿಸಂ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಶಾಸ್ತ್ರಕ್ಕೆ ಇಟ್ಟ ದೇವರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬ್ರೆನನ್ 1984ರ ಒಂದು ಭಿನ್ನ ತೀರ್ಪಿನಲ್ಲಿ ಇದನ್ನು ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಇಂಥ ಮಾತುಗಳು ಹೇಳಿ ಹೇಳಿ ಸವೆದುಹೋಗಿವೆ, ಅವುಗಳಲ್ಲಿ ಧರ್ಮದ ಅಂಶ ಉಳಿದಿಲ್ಲ, ಅದಕ್ಕೇ ಅವು ಇದ್ದರೂ ತೊಂದರೆ ಇಲ್ಲ ಅನ್ನುವುದು ಅವರ ವಾದ. ಭಕ್ತನಿಗೆ ಇದಕ್ಕಿಂತ ಅವಮಾನ ಇನ್ನೇನಿದೆ ಹೇಳಿ. ನಿಮ್ಮ ದೇವರನ್ನು ಇಟ್ಟುಕೊಳ್ಳುತ್ತೇವೆ, ಯಾಕೆಂದರೆ ಅವನನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಅಂದ ಹಾಗಾಯಿತು. ಆ ಪಾದ್ರಿ ಕೋರ್ಟಿಗೆ ಯಾಕೆ ಹೋದರು ಅನ್ನುವುದು ನನಗೆ ಇಲ್ಲಿ ಬಂದ ಮೇಲೆ ಹೊಳೆಯಿತು.

ಇನ್ನೊಂದು ವಿಷಯ. ಆ ಸಾಲು ಮತ್ತಾಯದಲ್ಲಿ ಎಲ್ಲಿ ಬರುತ್ತದೆ ಅಂತ ತೆಗೆದು ನೋಡಿದೆ. ಹತ್ತೊಂಬತ್ತನೇ ಅಧ್ಯಾಯ. ಒಬ್ಬ ಶ್ರೀಮಂತ ಯುವಕ ಯೇಸುವಿನ ಹತ್ತಿರ ಬಂದು ಮುಕ್ತಿಗೆ ದಾರಿ ಕೇಳುತ್ತಾನೆ. ನಿನ್ನ ಆಸ್ತಿ ಮಾರಿ ಬಡವರಿಗೆ ಕೊಡು ಅನ್ನುತ್ತಾನೆ ಯೇಸು. ಹುಡುಗ ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಾನೆ. ಆಗ ಬರುವುದೇ ಆ ಪ್ರಸಿದ್ಧ ಮಾತು, ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಅಂತ. ಹಾಗಾದರೆ ಉದ್ಧಾರ ಆಗುವವರು ಯಾರು ಅಂತ ಶಿಷ್ಯರು ಗಾಬರಿ ಬೀಳುತ್ತಾರೆ. ಅದಕ್ಕೆ ಉತ್ತರ: ಮನುಷ್ಯರಿಗೆ ಇದು ಅಸಾಧ್ಯ, ದೇವರಿಗೆ ಎಲ್ಲವೂ ಸಾಧ್ಯ. ಒಹಾಯೊ ಸರ್ಕಾರ ಒಂಟೆಯನ್ನೂ ಸೂಜಿಯನ್ನೂ ಶ್ರೀಮಂತನನ್ನೂ ಬಿಟ್ಟು ಕೊನೆಯ ತುಣುಕನ್ನು ಮಾತ್ರ ಕತ್ತರಿಸಿಕೊಂಡಿದೆ. ಸಂದರ್ಭ ಬಿಟ್ಟರೆ ಅದು ಕ್ರಿಕೆಟ್ ಮ್ಯಾಚಿಗೆ ಮೊದಲು ಹೇಳುವ ಹುರಿದುಂಬಿಸುವ ಮಾತಿನ ಹಾಗೆ ಕೇಳಿಸುತ್ತದೆ.

ಹೆಸರಿಲ್ಲದ ದೇವರು ಇಲ್ಲಿ ಮೊದಲಿಂದಲೂ ಇದ್ದಾನೆ ಅಂತ ನಾನು ತಿಳಿದಿದ್ದೆ. ಅದೂ ತಪ್ಪು. 1787ರ ಸಂವಿಧಾನದ ಮಾತುಗಳಲ್ಲಿ ದೇವರೇ ಇಲ್ಲ, ಕೊನೆಗೆ ತಾರೀಖು ಬರೆಯುವಾಗ 'ನಮ್ಮ ಪ್ರಭುವಿನ ವರ್ಷ' ಅಂದಿರುವುದು ಬಿಟ್ಟರೆ. ಸರ್ಕಾರಿ ಹುದ್ದೆಗೆ ಯಾವ ಧರ್ಮದ ಪರೀಕ್ಷೆಯೂ ಇರಕೂಡದು ಅಂತ ಮಾತ್ರ ಅದರಲ್ಲಿದೆ. ಚರ್ಚಿಗೂ ಸರ್ಕಾರಕ್ಕೂ ನಡುವೆ ಗೋಡೆ ಅನ್ನುವ ಮಾತು 1802ರಲ್ಲಿ ಅಧ್ಯಕ್ಷ ಜೆಫರ್ಸನ್ ಬರೆದ ಪತ್ರದ್ದು. ಆ ಪತ್ರ ಬರೆದಿದ್ದು ಕನೆಕ್ಟಿಕಟ್‌ನ ಡ್ಯಾನ್ಬರಿಯ ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರಿಗೆ. ಆ ರಾಜ್ಯದಲ್ಲಿ ಆಗ ಕಾಂಗ್ರಿಗೇಷನಲ್ ಅನ್ನುವ ಇನ್ನೊಂದು ಪಂಥದ ಚರ್ಚಿಗೆ ಸರ್ಕಾರದ ಬೆಂಬಲ ಇತ್ತು. ಅದರ ತೆರಿಗೆಯಿಂದ ತಪ್ಪಿಸಿಕೊಳ್ಳಬೇಕಾದರೆ ಬ್ಯಾಪ್ಟಿಸ್ಟರು, ನಾನು ಬೇರೆ ಚರ್ಚಿನವನು ಅಂತ ಸರ್ಟಿಫಿಕೇಟ್ ತಂದು ಕೊಡಬೇಕಿತ್ತು. ಅಂದರೆ ಗೋಡೆ ಬೇಕು ಅಂದವರಲ್ಲಿ ಮುಂದೆ ನಿಂತವರು ಬ್ಯಾಪ್ಟಿಸ್ಟರೇ. ಇವತ್ತು ದಕ್ಷಿಣದ ಎಷ್ಟೋ ಬ್ಯಾಪ್ಟಿಸ್ಟ್ ಚರ್ಚುಗಳಲ್ಲಿ ಆ ಗೋಡೆ ನಾಸ್ತಿಕರ ಕುತಂತ್ರ ಅಂತ ಪ್ರವಚನ ನಡೆಯುತ್ತದೆ. ತಮ್ಮ ಮುತ್ತಜ್ಜಂದಿರು ಕಟ್ಟಿಸಿದ ಕಾಂಪೌಂಡು ಅನ್ನುವುದು ಮರೆತೇ ಹೋಗಿದೆ.

ನೂರು ಅಡಿ

ನಾನು ವೋಟು ಹಾಕುವುದು ಒಂದು ಚರ್ಚಿನ ಸಭಾಂಗಣದಲ್ಲಿ. ಮೊದಲ ಸಲ ಮತಗಟ್ಟೆಯ ವಿಳಾಸ ನೋಡಿ ತಪ್ಪು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇಲ್ಲಿ ಅದು ಸಾಮಾನ್ಯ. ದೊಡ್ಡ ಹಾಲ್, ಪಾರ್ಕಿಂಗ್, ಗಾಲಿಕುರ್ಚಿಗೆ ಇಳಿಜಾರು, ಎಲ್ಲ ಇರುವ ಕಟ್ಟಡ ಊರಲ್ಲಿ ಮತ್ತೆ ಎಲ್ಲಿದೆ? 2023ರ ನವೆಂಬರ್ ನೆನಪಿದೆ. ಗರ್ಭಪಾತದ ಹಕ್ಕನ್ನು ಒಹಾಯೊ ಸಂವಿಧಾನದಲ್ಲಿ ಸೇರಿಸಬೇಕೋ ಬೇಡವೋ ಅನ್ನುವ ಮತದಾನ. ಹಿಂದಿನ ವರ್ಷ ಸುಪ್ರೀಂ ಕೋರ್ಟು, ಗರ್ಭಪಾತಕ್ಕೆ ದೇಶದ ತುಂಬ ಹಕ್ಕು ಕೊಟ್ಟಿದ್ದ ತನ್ನದೇ ರೋ ತೀರ್ಪನ್ನು ಕಿತ್ತುಹಾಕಿತ್ತು. ಆ ಪ್ರಶ್ನೆ ಈಗ ರಾಜ್ಯ ರಾಜ್ಯದ ಹೊಸ್ತಿಲಿಗೆ ಬಂದು ಕೂತಿತ್ತು. ಒಹಾಯೊದಲ್ಲಿ ಮತಗಟ್ಟೆಯಿಂದ ನೂರು ಅಡಿ ದೂರದಲ್ಲಿ ಎರಡು ಪುಟ್ಟ ಅಮೆರಿಕದ ಬಾವುಟ ನೆಡುತ್ತಾರೆ. ಅದರ ಒಳಗೆ ಪ್ರಚಾರ ಮಾಡುವ ಹಾಗಿಲ್ಲ. ಚರ್ಚಿನ ಹುಲ್ಲುಹಾಸಿನ ಮೇಲೆ, ಬಾವುಟದಿಂದ ಎರಡೇ ಹೆಜ್ಜೆ ಆಚೆ, 'ಬೇಡ ಅನ್ನಿ' ಅನ್ನುವ ಫಲಕ ನಿಂತಿತ್ತು. ಕಾನೂನು ಪ್ರಕಾರ ಎಲ್ಲ ಸರಿ. ಒಳಗೆ ಹೋದರೆ ಕಾಫಿ ವಾಸನೆ, ಗೋಡೆಯ ತುಂಬ ಮಕ್ಕಳು ಬರೆದ ನೋಹನ ನಾವೆಯ ಚಿತ್ರಗಳು. ಒಂದು ಜಿರಾಫೆಯ ಚಿತ್ರದ ಪಕ್ಕದಲ್ಲಿ ನಿಂತು ನಾನು ಗರ್ಭಪಾತದ ಬಗ್ಗೆ ವೋಟು ಒತ್ತಿದೆ. ಹಕ್ಕು ಬೇಕು ಅನ್ನುವವರೇ ಗೆದ್ದರು, ಸುಮಾರು ನೂರಕ್ಕೆ 57. ಆ 57ರಲ್ಲಿ ಚರ್ಚಿಗೆ ಹೋಗುವವರೂ ಎಷ್ಟೋ ಜನ ಇದ್ದಿರಲೇಬೇಕು, ಇಲ್ಲದಿದ್ದರೆ ಈ ರಾಜ್ಯದಲ್ಲಿ ಆ ಲೆಕ್ಕ ಹೊಂದುವುದೇ ಇಲ್ಲ.

ಅಲ್ಲಿ ಗುರುತಿನ ಚೀಟಿ ನೋಡುತ್ತಾ ಕೂತಿದ್ದವರು ನಮ್ಮ ಬೀದಿಯ ಒಬ್ಬ ಅಜ್ಜಿ. ಎಪ್ಪತ್ತೆಂಟು ವರ್ಷ. ಹುಟ್ಟಿನಿಂದ ಮೆಥಡಿಸ್ಟ್, ಅದೂ ಒಂದು ಪ್ರಾಟೆಸ್ಟಂಟ್ ಪಂಥ. ಸಂಜೆ ಕಸದ ಡಬ್ಬಿ ಹೊರಗಿಡುವಾಗ ಸಿಕ್ಕರು. ಈ ವರ್ಷ ವೋಟು ಎಣಿಸಿ ಎಣಿಸಿ ಸುಸ್ತಾಯಿತು ಅಂದರು. ನಾನು ಚುನಾವಣೆಯ ಮಾತು ಅಂದುಕೊಂಡೆ. ಅವರು ಹೇಳಿದ್ದು ಅವರ ಚರ್ಚಿನ ಮತದಾನ. ಸಲಿಂಗಿಗಳ ಮದುವೆ, ಅವರಿಗೆ ಪಾದ್ರಿ ದೀಕ್ಷೆ, ಇದೇ ಜಗಳದಲ್ಲಿ 2019ರಿಂದ 2023ರ ಒಳಗೆ ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಚರ್ಚುಗಳಲ್ಲಿ ಸುಮಾರು ಕಾಲುಭಾಗ ಬೇರೆಯಾಗಿ ಹೋದವು. ಹೋಗಬೇಕಾದರೆ ಮೂರರಲ್ಲಿ ಎರಡು ಪಾಲು ಸದಸ್ಯರು ಒಪ್ಪಬೇಕು. ಇವರ ಚರ್ಚು ಒಪ್ಪಿತು. ಇವರು ಒಪ್ಪಲಿಲ್ಲ. ಮದುವೆಯಾದ ಚರ್ಚು, ಗಂಡನನ್ನು ಕಳಿಸಿಕೊಟ್ಟ ಚರ್ಚು, ಬಿಟ್ಟು ಈಗ ಹದಿನೈದು ಮೈಲಿ ದೂರದ ಇನ್ನೊಂದಕ್ಕೆ ಹೋಗುತ್ತಾರೆ. ರಾಜಕೀಯ ಚರ್ಚಿನೊಳಕ್ಕೆ ಬರುವುದು ಅಂದರೆ ಏನು ಅಂತ ನಾನು ಪೇಪರಿನಲ್ಲಿ ಓದಿದ್ದೆ, ಅವತ್ತು ಕಸದ ಡಬ್ಬಿಯ ಪಕ್ಕದಲ್ಲಿ ನೋಡಿದೆ.

ಅವರೇ ಇನ್ನೊಂದು ಕಥೆ ಹೇಳಿದರು. ಅವರಿಗೆ ಒಂಬತ್ತು ವರ್ಷ ಇದ್ದಾಗ, 1954ರಲ್ಲಿ, ಬೇಸಿಗೆ ರಜೆ ಮುಗಿಸಿ ಶಾಲೆಗೆ ಹೋದರೆ ಬಾವುಟದ ಪ್ರತಿಜ್ಞೆಯಲ್ಲಿ ಎರಡು ಪದ ಹೆಚ್ಚಾಗಿತ್ತು. 'ಒಂದೇ ರಾಷ್ಟ್ರ' ಆದಮೇಲೆ 'ದೇವರ ಅಡಿಯಲ್ಲಿ'. ಬಾಯಿಪಾಠ ಆಗಿದ್ದ ಹಳೇ ಲಯ ತಪ್ಪಿ, ಎಷ್ಟೋ ದಿನ ಇಡೀ ಕ್ಲಾಸು ಅಲ್ಲೇ ಎಡವುತ್ತಿತ್ತಂತೆ. ಆ ಪ್ರತಿಜ್ಞೆಯನ್ನು 1892ರಲ್ಲಿ ಬರೆದ ಫ್ರಾನ್ಸಿಸ್ ಬೆಲ್ಲಮಿ ಸ್ವತಃ ಬ್ಯಾಪ್ಟಿಸ್ಟ್ ಪಾದ್ರಿ, ಅವರೇ ದೇವರನ್ನು ಸೇರಿಸಿರಲಿಲ್ಲ. ಸೇರಿಸಿದ್ದು ಅಧ್ಯಕ್ಷ ಐಸೆನ್‌ಹೋವರ್ ಕಾಲದಲ್ಲಿ, ದೇವರಿಲ್ಲದ ರಷ್ಯಾದವರಿಗಿಂತ ನಾವು ಬೇರೆ ಅಂತ ತೋರಿಸಲು. 1956ರಲ್ಲಿ 'ದೇವರಲ್ಲಿ ನಮ್ಮ ನಂಬಿಕೆ' ದೇಶದ ಧ್ಯೇಯವಾಕ್ಯವಾಯಿತು. ಅದೇ ವರ್ಷ ನಮ್ಮಲ್ಲಿ ವಿಧಾನಸೌಧ ಕಟ್ಟಿ ಮುಗಿಯಿತು. ಇದು ಸುಮ್ನೆ ಕಾಕತಾಳೀಯ, ನನಗೆ ಖುಷಿಯಾಗಿದ್ದಕ್ಕೆ ಬರೆದೆ ಅಷ್ಟೇ.

ಹೆಸರು ಹೇಳಿದ ಕೂಡಲೇ

ಹೆಸರಿಲ್ಲದ ದೇವರಿಗೆ ಹೆಸರು ಇದೆ ಅನ್ನುವುದು ಗೊತ್ತಾಗುವುದು ಬೇರೆ ಯಾರೋ ಬಾಯಿ ತೆರೆದಾಗ. ಅಮೆರಿಕದ ಸಂಸತ್ತಿನ ಎರಡೂ ಸದನಗಳು ದಿನವೂ ಪ್ರಾರ್ಥನೆಯಿಂದ ಶುರುವಾಗುತ್ತವೆ. 2000ದ ಸೆಪ್ಟೆಂಬರ್ 14ರಂದು ವಾಜಪೇಯಿ ಅವರು ಅಲ್ಲಿ ಭಾಷಣ ಮಾಡಿದ ದಿನ, ಕೆಳಮನೆಯಲ್ಲಿ ಮೊದಲ ಬಾರಿಗೆ ಒಬ್ಬ ಹಿಂದೂ ಪುರೋಹಿತರು ಪ್ರಾರ್ಥನೆ ಹೇಳಿದರು. ವೆಂಕಟಾಚಲಪತಿ ಸಮುದ್ರಾಲ, ಇದೇ ಒಹಾಯೊದ ಪಾರ್ಮಾದ ದೇವಸ್ಥಾನದವರು. ಕೆಲವು ಕ್ರೈಸ್ತ ಸಂಘಟನೆಗಳಿಗೆ ಅದು ಸಹಿಸಲಿಲ್ಲ. 2007ರ ಜುಲೈನಲ್ಲಿ ರಾಜನ್ ಝೆಡ್ ಅನ್ನುವ ಹಿಂದೂ ಪುರೋಹಿತರು ಸೆನೆಟ್‌ನಲ್ಲಿ ಪ್ರಾರ್ಥನೆಗೆ ನಿಂತಾಗ ಕೆಲವರು ಗ್ಯಾಲರಿಯಿಂದ ಕೂಗಾಡಿದರು, ಕೂಗಿದವರನ್ನು ಪೊಲೀಸರು ಎಳೆದುಕೊಂಡು ಹೋಗಬೇಕಾಯಿತು. 2024ರಲ್ಲಿ ಟೆಕ್ಸಸ್‌ನ ಶುಗರ್ ಲ್ಯಾಂಡ್‌ನಲ್ಲಿ 90 ಅಡಿಯ ಹನುಮಂತ ಎದ್ದ. ಮರುವರ್ಷ ಅಲ್ಲಿನ ಸೆನೆಟ್ ಸ್ಪರ್ಧೆಗೆ ಇಳಿದಿದ್ದ ಒಬ್ಬ, ಇದು ಕ್ರೈಸ್ತ ದೇಶ, ಈ ಸುಳ್ಳು ದೇವರು ಇಲ್ಲಿ ಯಾಕೆ ಅಂತ ಬರೆದ. ಪೌರತ್ವದ ದಿನ ನಾನು ಮನೆದೇವರನ್ನು ಮನಸ್ಸಿನಲ್ಲೇ ನೆನೆದಿದ್ದು ಒಳ್ಳೇದೇ ಆಯಿತು ಅನ್ನಿಸಿತು. ಆ ಹೆಸರಿಲ್ಲದ ಜಾಗದಲ್ಲಿ ನನಗೂ ಒಂದಿಷ್ಟು ನೆರಳು ಸಿಕ್ಕಿತ್ತು. ಹೆಸರು ಬರೆದುಬಿಟ್ಟರೆ ಅದೂ ಇರುವುದಿಲ್ಲ.

ಈಗ ಹೆಸರು ಬರೆಯುವ ಕಾಲ ಬಂದಿದೆ. 2024ರಲ್ಲಿ ಲೂಯಿಸಿಯಾನ, ಮರುವರ್ಷ ಟೆಕ್ಸಸ್, ಸರ್ಕಾರಿ ಶಾಲೆಯ ಒಂದೊಂದು ತರಗತಿಯಲ್ಲೂ ಬೈಬಲಿನ ಹತ್ತು ಕಟ್ಟಳೆಗಳನ್ನು (ದಶಾಜ್ಞೆಗಳನ್ನು) ತೂಗುಹಾಕಬೇಕು ಅಂತ ಕಾನೂನು ಮಾಡಿದವು. ಆ ಕಟ್ಟಳೆಗಳನ್ನು ಯಾವ ಮಾತುಗಳಲ್ಲಿ ಬರೆಯಬೇಕು ಅನ್ನುವುದೂ ಕಾನೂನಿನಲ್ಲೇ ಇದೆ. ಅಲ್ವಾ, ಇದು ಎಂಥ ಧೈರ್ಯ! ಹತ್ತು ಕಟ್ಟಳೆಗಳನ್ನು ಯೆಹೂದಿಗಳು ಒಂದು ಥರ ಎಣಿಸುತ್ತಾರೆ, ಕ್ಯಾಥೊಲಿಕರು ಒಂದು ಥರ, ಪ್ರಾಟೆಸ್ಟಂಟರು ಇನ್ನೊಂದು ಥರ. ಸಾವಿರಾರು ವರ್ಷದಿಂದ ಬಗೆಹರಿಯದ್ದನ್ನು ಲೂಯಿಸಿಯಾನದ ರಾಜಧಾನಿ ಬ್ಯಾಟನ್ ರೂಜ್‌ನ ಶಾಸಕರು ಬಹುಮತದಲ್ಲಿ ಬಗೆಹರಿಸಿಬಿಟ್ಟರು. ಅಲ್ಲೂ ಕೋರ್ಟಿಗೆ ಹೋದವರ ಪಟ್ಟಿ ನೋಡಿದೆ. ಅಲ್ಲೂ ಒಬ್ಬ ಪ್ರೆಸ್ಬಿಟೇರಿಯನ್ ಪಾದ್ರಿ ಇದ್ದಾರೆ.

ಹಾಗಂತ ಧರ್ಮ ರಾಜಕೀಯದ ಹತ್ತಿರವೇ ಸುಳಿಯಬಾರದು ಅಂತ ನನಗೆ ಹೇಳಲು ಬಾಯಿ ಬರುವುದಿಲ್ಲ. ಕರಿಯರ ಹಕ್ಕಿಗೆ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಬ್ಯಾಪ್ಟಿಸ್ಟ್ ಪಾದ್ರಿ. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಅವರು ಪತ್ರ ಬರೆದದ್ದು ಎಂಟು ಜನ ಬಿಳಿಯ ಧರ್ಮಗುರುಗಳಿಗೆ, ಅವಸರ ಮಾಡಬೇಡಿ ಅಂದವರಿಗೆ. ಕಿಂಗ್ ತಮ್ಮ ದೇವರ ಹೆಸರನ್ನು ಎಲ್ಲೂ ಮುಚ್ಚಿಡಲಿಲ್ಲ. ಆದರೆ ಆ ದೇವರು ನಿಂತಿದ್ದು ಸರ್ಕಾರಿ ಕಚೇರಿಯ ಹೊರಗೆ, ಬೀದಿಯಲ್ಲಿ, ಪೊಲೀಸ್ ನಾಯಿಗಳ ಎದುರಿಗೆ. ಜೆರ್ರಿ ಫಾಲ್ವೆಲ್ ಅನ್ನುವ ಇನ್ನೊಬ್ಬ ಬ್ಯಾಪ್ಟಿಸ್ಟ್ ಪಾದ್ರಿ 1965ರಲ್ಲಿ, ಪಾದ್ರಿಗಳಿಗೆ ಮೆರವಣಿಗೆ ಯಾಕೆ, ಆತ್ಮಗಳನ್ನು ಉಳಿಸುವುದು ನಮ್ಮ ಕೆಲಸ ಅಂತ ಪ್ರವಚನ ಮಾಡಿದ್ದರು. ಅದೇ ಫಾಲ್ವೆಲ್ 1979ರಲ್ಲಿ ಮಾರಲ್ ಮೆಜಾರಿಟಿ ಅನ್ನುವ ಸಂಪ್ರದಾಯಸ್ಥ ಕ್ರೈಸ್ತರ ರಾಜಕೀಯ ಸಂಘಟನೆ ಕಟ್ಟಿ, ಮರುವರ್ಷ ಅಧ್ಯಕ್ಷ ಚುನಾವಣೆಯಲ್ಲಿ ರೇಗನ್ ಬೆನ್ನಿಗೆ ನಿಂತರು. ಬಾಗಿಲಾಚೆ ನಿಂತು ನ್ಯಾಯ ಕೇಳುವ ದೇವರು ಬೇರೆ, ಒಳಗೆ ಕುರ್ಚಿ ಹಾಕಿಸಿಕೊಂಡು ಕೂತ ದೇವರು ಬೇರೆ ಅಂತ ನನಗೆ ಕಾಣುತ್ತದೆ.

ವಿಧಾನಸೌಧದ ಸಾಲಿಗೂ ಒಹಾಯೊದ ಸಾಲಿಗೂ ಇರುವ ವ್ಯತ್ಯಾಸವೂ ಇಲ್ಲೇ ಎಲ್ಲೋ ಇದೆ. ನಮ್ಮ ಸಾಲು ಗುಮಾಸ್ತನ ಮೇಲೆ ಭಾರ ಹೊರಿಸುತ್ತದೆ: ನೀನು ಮಾಡುತ್ತಿರುವುದು ಪೂಜೆ, ಮೈಗಳ್ಳತನ ಮಾಡಬೇಡ. ಅವರ ಸಾಲು ಭರವಸೆ ಕೊಡುತ್ತದೆ. ವೊಯ್ನೊವಿಚ್ ನೋಡಿದ್ದು ಭಾರ, ಕೆತ್ತಿಸಿದ್ದು ಭರವಸೆ. (ನಮ್ಮವರು ಆ ಭಾರವನ್ನು ಎಷ್ಟು ಹೊತ್ತರು ಅನ್ನುವುದು ಬೇರೆ ಮಾತು. 'ದೇವರ ಕೆಲಸ ಅಂದಮೇಲೆ ಹುಂಡಿಗೆ ಹಾಕಬೇಡವೇ' ಅನ್ನುವ ಜೋಕು ಬೆಂಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಅಪ್ಪನಿಗೆ ಆ ಜೋಕು ಕೇಳಿದರೆ ಆಗುವುದಿಲ್ಲ. ಅವರದ್ದೇ ಪಿಂಚಣಿಯ ಕಾಗದ ಒಂದು ಕಚೇರಿಯಲ್ಲಿ ಹನ್ನೊಂದು ತಿಂಗಳು ಮಲಗಿತ್ತು. ಆಗಲೂ ಅವರು ನಗಲಿಲ್ಲ, ದುಡ್ಡೂ ಕೊಡಲಿಲ್ಲ.)

ವೊಯ್ನೊವಿಚ್ ಕಥೆಯನ್ನು ಅಪ್ಪನಿಗೆ ಹೇಳಿದ್ದು ಅವರು ಊರಿಗೆ ವಾಪಸ್ ಹೋದ ಮೇಲೆ, ಫೋನಿನಲ್ಲಿ. ನಿಮ್ಮ ಆಫೀಸಿನ ಬೋರ್ಡು ನೋಡಿಕೊಂಡು ಬಂದೇ ಇಲ್ಲಿ ಕೆತ್ತಿಸಿದ್ದಂತೆ ಅಪ್ಪಾ, ಅಂದೆ. ಹೆಮ್ಮೆಪಡುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಕೇಳಿದರು, "ಅವರು ಬಂದಿದ್ದು ಯಾವ ವರ್ಷ ಅಂದೆ?"

"ತೊಂಬತ್ತಾರು."

"ವಾರದ ದಿನವೇ ಇರಬೇಕು. ಹಾಗಾದ್ರೆ ನಾನು ಒಳಗೇ ಇದ್ದೆ" ಅಂದರು. "ಅವತ್ತು ನನ್ನ ಟೇಬಲ್ ಮೇಲೆ ಎಷ್ಟು ಫೈಲ್ ಬಾಕಿ ಇದ್ದವೋ ಏನೋ."